ಹಿರಿಯರು ಗೇಟು ದಾಟುವ ಮುಂಚೆ

ಕಲಬುರಗಿ

ಚಿರಂಜೀವಿ ಮಗಳಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಆರಾಮ ಇದ್ದೇವೆ. ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ತಲೆಯಲ್ಲೇ ಕುಂತಿದೆ. ಸೇಡಂ ಕಡೆಯ ನಿಮ್ಮ ಸಿಮೆಂಟ್ ಕಾರ್ಖಾನೆಯಲ್ಲಿ ಜ್ಞಾನ ನಿರ್ವಹಣೆಯ, ಅಂದರೆ ಕೆಲಸದವರ ಅನುಭವವನ್ನು ಉಳಿಸಿ ಮುಂದಿನವರಿಗೆ ದಾಟಿಸುವ, ಹೊಣೆ ನಿನ್ನ ಹೆಗಲಿಗೆ ಬಂದಿದೆ. ಹೊಸ ಸಾಫ್ಟ್‌ವೇರ್ ತಂದಿದ್ದಾರೆ, ಎಲ್ಲರೂ ತಮಗೆ ಗೊತ್ತಿದ್ದದ್ದನ್ನು ಅದರಲ್ಲಿ ತುಂಬಬೇಕು. ಆದರೆ ಹಿರಿಯ ಆಪರೇಟರುಗಳು ಎರಡು ಸಾಲು ಬರೆದು ಸುಮ್ಮನಾಗುತ್ತಾರೆ, ಅವರಿಗೆ ಮನಸ್ಸೇ ಇಲ್ಲ ಅಂದೆ. ಆ ಕೊನೆಯ ಮಾತು ನನಗೆ ಒಪ್ಪಿಗೆಯಾಗಲಿಲ್ಲ, ಅದಕ್ಕೇ ಈ ಪತ್ರ.

ನಾನು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆದು, ಕೊನೆಗೆ ಮೇಲ್ವಿಚಾರಣೆ ನೋಡಿದವನು. ನಮ್ಮಲ್ಲೊಬ್ಬ ಮಿಸ್ತ್ರಿ ಮಾಮಾ ಇದ್ದರು. ಎಣ್ಣೆ ಹಚ್ಚಿದ ತೊಗರಿಯನ್ನು ಅಂಗಳದಲ್ಲಿ ಬಿಸಿಲಿಗೆ ಹರವಿದಾಗ ಅವರು ತುದಿಗಾಲಲ್ಲಿ ಕುಂತು, ಮೇಲಿನ ಕಾಳು ಸರಿಸಿ ಅಡಿಯಿಂದ ಹಿಡಿಯಷ್ಟು ತೆಗೆದು, ಒಂದನ್ನು ದವಡೆಗೆ ಇಟ್ಟು ಕಟಕ್ ಅಂತ ಕಡಿಯುತ್ತಿದ್ದರು. ಸದ್ದು ಕೇಳಿ, "ಇನ್ನೊಂದು ಬಿಸಿಲು ಬೇಕು" ಅನ್ನುತ್ತಿದ್ದರು, ಇಲ್ಲವೇ "ಹಾಕ್ರಿ" ಅನ್ನುತ್ತಿದ್ದರು. ತೊಗರಿಯ ಸಿಪ್ಪೆ ಬ್ಯಾಳಿಗೆ ಅಂಟಿನಂತೆ ಹಿಡಿದಿರುತ್ತದೆ. ಎಣ್ಣೆ, ಬಿಸಿಲು ಎರಡೂ ಸೇರಿ ಅದನ್ನು ಸಡಿಲ ಮಾಡಬೇಕು. ಸಡಿಲಾಗದೆ ರೋಲರಿಗೆ ಹಾಕಿದರೆ ಮತ್ತೆ ಮತ್ತೆ ಉಜ್ಜಬೇಕಾಗುತ್ತದೆ, ಬ್ಯಾಳಿ ಸವೆದು ನುಚ್ಚಾಗುತ್ತದೆ.

ಅವರು ಕೆಲಸ ಬಿಡುವ ವರ್ಷ ನಾನು ಎಲ್ಲವನ್ನೂ ರಿಜಿಸ್ಟರಿನಲ್ಲಿ ಬರೆದುಕೊಂಡೆ. ಕ್ವಿಂಟಲಿಗೆ ಎಣ್ಣೆ ಇಷ್ಟು, ಬಿಸಿಲು ಮೂರು ದಿನ. ಕೆಲಸ ಮುಗಿಯಿತು ಅಂದುಕೊಂಡೆ. ಮರುವರ್ಷ ಮಳೆ ತಡವಾಗಿ ಹಿಡಿದು ತೊಗರಿ ಹಸಿಯಾಗಿ ಬಂತು. ಹೊಸ ಹುಡುಗರು ರಿಜಿಸ್ಟರ್ ನೋಡಿ ಮೂರೇ ದಿನ ಒಣಗಿಸಿದರು. ನುಚ್ಚಿನ ರಾಶಿ ನನ್ನ ಎದೆಯ ಮಟ್ಟಕ್ಕೆ ಬಂತು, ವ್ಯಾಪಾರಸ್ಥರು ದರ ಕಡಿದರು. ಹುಡುಗರದ್ದು ಏನೂ ತಪ್ಪಿರಲಿಲ್ಲ. ನಾನು ಬರೆದದ್ದೂ ಸುಳ್ಳಲ್ಲ; ಮೂರು ದಿನ ಅನ್ನುವುದು ಹಿಂದಿನ ವರ್ಷದ ತೊಗರಿಗೆ, ಹಿಂದಿನ ವರ್ಷದ ಬಿಸಿಲಿಗೆ ಸರಿ. ಆ ದವಡೆಯ ಸದ್ದು ನನ್ನ ರಿಜಿಸ್ಟರಿನಲ್ಲಿ ಇರಲಿಲ್ಲ. ಒಂದು ಸುಗ್ಗಿ ಪೂರ್ತಿ ಒಬ್ಬ ಹುಡುಗನನ್ನು ಮಾಮಾನ ಬಾಜೂಕ ಕುಂಡ್ರಿಸಬೇಕಾಗಿತ್ತು. ಆ ಸಂಬಳ ಉಳಿಸಿದ್ದಕ್ಕೆ ಇವತ್ತಿಗೂ ನನಗೆ ಬೇಸರವಿದೆ.

ಹೇಳಬಲ್ಲದ್ದಕ್ಕಿಂತ ಹೆಚ್ಚು ನಮಗೆ ಗೊತ್ತಿರುತ್ತದೆ ಎಂದು ಮೈಕೆಲ್ ಪೊಲಾನಿ ಎಂಬ ವಿದ್ವಾಂಸರು 1966ರಲ್ಲೇ ಬರೆದಿದ್ದಾರೆ. ನಮ್ಮ ಬೀದರಿನ ಬಿದರಿ ಕೆಲಸದವರನ್ನೇ ನೋಡು. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಹಚ್ಚಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಇಷ್ಟನ್ನು ಯಾರು ಬೇಕಾದರೂ ಬರೆದಿಡಬಹುದು. ಆದರೆ ಯಾವ ಮಣ್ಣು ಕೆಲಸಕ್ಕೆ ಬರುತ್ತದೆ ಎಂಬುದನ್ನು ಉಸ್ತಾದರು ನಾಲಿಗೆಗೆ ಹಚ್ಚಿ ತಿಳಿಯುತ್ತಾರೆ. ಆ ರುಚಿಯನ್ನು ಸಾಫ್ಟ್‌ವೇರಿನ ಯಾವ ಕಾಲಮ್ಮಿನಲ್ಲಿ ತುಂಬಿಸುತ್ತೀ? ನಿಮ್ಮ ಹಿರಿಯರು ಎರಡೇ ಸಾಲು ಬರೆಯುವುದಕ್ಕೆ ಕಾರಣ ಇದೇ ಇರಬೇಕು.

ಹಾಗಂತ ಸಾಫ್ಟ್‌ವೇರ್ ಬೇಡ ಅನ್ನುತ್ತಿಲ್ಲ. ಜೆರಾಕ್ಸ್ ಕಂಪನಿಯ ರಿಪೇರಿಯವರು ಕೈಪಿಡಿಗಿಂತ ಹೆಚ್ಚಾಗಿ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಕತೆಗಳಿಂದ ಕಲಿಯುತ್ತಾರೆ ಎಂಬುದನ್ನು ಜೂಲಿಯನ್ ಓರ್ ಎಂಬ ಮಾನವಶಾಸ್ತ್ರಜ್ಞರು ಅವರ ಜೊತೆ ತಿರುಗಾಡಿ ಕಂಡುಕೊಂಡರು. ಆಮೇಲೆ ಆ ಕಂಪನಿ ಯುರೇಕಾ ಎಂಬ ವ್ಯವಸ್ಥೆ ಮಾಡಿತು. ರಿಪೇರಿಯವರೇ ಬರೆದ ಉಪಾಯವನ್ನು ಅದೇ ಕೆಲಸ ಬಲ್ಲವರು ಪರೀಕ್ಷಿಸುತ್ತಿದ್ದರು, ಬರೆದವರ ಹೆಸರು ಜೊತೆಗೇ ಇರುತ್ತಿತ್ತು. ನೀನೂ ಹೆಸರು ಹಾಕು, ಮರೆಯಬೇಡ. ಮೂವತ್ತು ವರ್ಷ ದುಡಿದವರಿಗೆ ತಮ್ಮದೆಲ್ಲ ಬರೆಸಿಕೊಂಡ ಮೇಲೆ ತಮ್ಮ ಬೆಲೆ ಹೋಗುತ್ತದೆ ಎಂಬ ಅಂಜಿಕೆ ಇರುತ್ತದೆ. ಅದನ್ನು ಮೊದಲು ಕಳೆಯಬೇಕು.

ಈಗ ಮಾಡುವ ಕೆಲಸ. ಬರುವ ಮಾರ್ಚಿಗೆ ನಿವೃತ್ತರಾಗುವ ಕಿಲ್ನ್ (ಸಿಮೆಂಟಿನ ಕಲ್ಲು ಸುಡುವ ಕುಲುಮೆ) ಆಪರೇಟರ್ ಇದ್ದಾರಲ್ಲ, ಅವರ ಕೈಗೆ ಫಾರ್ಮ್ ಕೊಡಬೇಡ. ಈ ತಿಂಗಳಿಂದಲೇ ಅವರ ಪಾಳಿಗೆ ಒಬ್ಬ ಹೊಸಬನನ್ನು ಜೋಡಿಸು. ನೀನೂ ಒಂದು ರಾತ್ರಿ ಪಾಳಿ ಅವರ ಜೊತೆ ಕಳೆ. ಒಳಗೆ 1,450 ಡಿಗ್ರಿ ಹತ್ತಿರದ ಉರಿ; ಮೀಟರು ಏನೋ ತೋರಿಸುತ್ತದೆ, ಅವರ ಕಣ್ಣಿಗೆ ಇನ್ನೇನೋ ಕಾಣುತ್ತದೆ. "ನಿಮಗೇನು ಗೊತ್ತು?" ಅಂತ ಕೇಳಬೇಡ, ಯಾರಿಗೂ ಉತ್ತರ ಬರುವುದಿಲ್ಲ. "ಮೀಟರು ಸರಿ ಇದ್ದರೂ ನಿಮಗೆ ಅನುಮಾನ ಬಂದದ್ದು ಯಾವಾಗ, ಆವಾಗ ಏನು ಮಾಡಿದಿರಿ?" ಅಂತ ಕೇಳು. ಅವರು ಹೇಳುವ ಕತೆಯನ್ನು ಆ ಹೊಸಬನೇ ಬರೆಯಲಿ, ಅವರು ಓದಿ ತಿದ್ದಲಿ.

ಕಿಲ್ನ್ ನಿಂತು ಮತ್ತೆ ಶುರುವಾದ ದಿನವೇ ಪಾಳಿಯವರನ್ನೆಲ್ಲ ಚಹಾಕ್ಕೆ ಕುಂಡ್ರಿಸು. ಏನಾಗಬೇಕಿತ್ತು, ಏನಾಯಿತು, ಯಾಕೆ ಹಾಗಾಯಿತು, ಮುಂದಿನ ಸಲ ಏನು ಮಾಡೋಣ? ಅಮೆರಿಕದ ಸೇನೆಯಲ್ಲಿ ಪ್ರತಿ ಕಾರ್ಯಾಚರಣೆಯಾದ ಮೇಲೆ ಇವೇ ಪ್ರಶ್ನೆ ಕೇಳುತ್ತಾರೆ. ಚಹಾಕ್ಕೆ ಕುಂತಾಗ ಯಾರ ಮೇಲೂ ತಪ್ಪು ಹೊರಿಸಬಾರದು. ಒಬ್ಬನಿಗೆ ಮೆಮೊ ಹೋಯಿತೆಂದರೆ ಮರುದಿನದಿಂದ ಯಾರೂ ಬಾಯಿ ಬಿಡುವುದಿಲ್ಲ. ಇದನ್ನು ಮ್ಯಾನೇಜರರಿಗೆ ಮೊದಲೇ ಹೇಳಿ ಒಪ್ಪಿಸು.

ಶರಣಬಸವೇಶ್ವರ ಜಾತ್ರೆಗೆ ಬಾ. ಮಿಸ್ತ್ರಿ ಮಾಮಾ ಈಗ ಆಳಂದ ಕಡೆ ಮಗನ ಹತ್ತಿರ ಇದ್ದಾರೆ, ಕರಕೊಂಡು ಹೋಗುತ್ತೇನೆ. ಹಲ್ಲೆಲ್ಲ ಉದುರಿವೆ. ಹೋದ ಸಲ ನಾನು ಹೋದಾಗ ಮೊಮ್ಮಗ ಅವರ ಕಿವಿಯ ಹತ್ತಿರ ಕುಂತು ತೊಗರಿ ಕಡಿಯುತ್ತಿದ್ದ, ಅವರು ಕಣ್ಣು ಮುಚ್ಚಿ ಕೇಳಿ, "ಇನ್ನೊಂದು ಬಿಸಿಲು" ಅಂದರು.

ಇಂತಿ,
ನಿನ್ನ ಕಾಕಾ