ಚಿಕ್ಕಮ್ಮನ ಮನೆಗೆ ಹೋದ ಮಗಳಿಗೆ

ಪುಟ್ಟಿ,

ನೀನು ತಲುಪಿದೆ ಅಂತ ಚಿಕ್ಕಮ್ಮನ ಫೋನಿಂದ ಮೆಸೇಜ್ ಬಂತು. ನಿನ್ನ ಫೋನಿಂದ ಬರಲಿಲ್ಲ. ಇರಲಿ. ನಾನು ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಎತ್ತಿದರೂ ಹೂಂ ಹೂಂ ಅಂತೀಯ, ಅದಕ್ಕೆ ನನಗೆ ಸಿಟ್ಟು ಬರುತ್ತೆ, ಮತ್ತೆ ಶುರುವಾಗುತ್ತೆ. ಹಾಲ್ ಟಿಕೆಟ್ಟನ್ನು ದೇವರ ಮುಂದೆ ಇಟ್ಟು ಅಲ್ಲೇ ಬಿಟ್ಟು ಹೋಗಿದ್ದೀಯ. ನಾಳೆ ಅಪ್ಪ ಅದನ್ನು ಕೊಡಲು ಚಿಕ್ಕಬಳ್ಳಾಪುರಕ್ಕೆ ಬರುತ್ತಾರೆ, ಅದರ ಜೊತೆ ಈ ಕಾಗದಾನೂ ಕೊಡುತ್ತಾರೆ. ರೇಷ್ಮೆ ಹುಳಕ್ಕೆ ರಾತ್ರಿ ಸೊಪ್ಪು ಹಾಕಿ ಆಯಿತು, ಅಜ್ಜಿ ಮಲಗಿದ್ದಾರೆ, ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಆ ರಾತ್ರಿ ನಡೆದದ್ದನ್ನು ಮತ್ತೆ ಬರೆಯುವುದಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು, ನಾವು ಕೂಗಾಡಿದ ರೀತಿಗೆ ಪಕ್ಕದ ಮನೆಯವರಿಗೂ ಗೊತ್ತಾಗಿರುತ್ತೆ.

ಸೊಳ್ಳೆಬತ್ತಿ ಮಾತು ಮಾತ್ರ ಹೇಳಿಬಿಡುತ್ತೇನೆ. ಅದನ್ನು ಎತ್ತಿ ಅಂಗಳಕ್ಕೆ ಬಿಸಾಕಿದ್ದಕ್ಕೆ ನನಗೆ ಬೇಜಾರಿಲ್ಲ. ಇನ್ನೊಂದು ಸಲ ಹಚ್ಚಿದರೆ ಇನ್ನೊಂದು ಸಲ ಬಿಸಾಕುತ್ತೇನೆ. ಹುಳ ನಾಲ್ಕನೇ ಸಲ ಪೊರೆ ಬಿಟ್ಟು ಜ್ವರ ಎದ್ದಿದೆ, ನಿನ್ನ ರೂಮಿಗೂ ಹುಳದ ಮನೆಗೂ ಇರುವುದು ಒಂದೇ ಗೋಡೆ. ಆ ಹೊಗೆಯಲ್ಲಿರುವ ಔಷಧಿ ಸೊಳ್ಳೆಗೆ ವಿಷ ಆದಹಾಗೆ ರೇಷ್ಮೆ ಹುಳಕ್ಕೂ ವಿಷಾನೇ. ಪಕ್ಕದ ಹೊಲದವರು ಟೊಮೆಟೊಗೆ ಹೊಡೆದ ಔಷಧಿ ಗಾಳಿಗೆ ಬಂದು ನಮ್ಮ ಸೊಪ್ಪಿನ ಮೇಲೆ ಕೂತಾಗ ಏನಾಯಿತು ಅಂತ ನೀನೇ ನೋಡಿದ್ದೀಯ. ಹಸಿರು ನೀರು ಕಕ್ಕಿಕೊಂಡು, ಮೈ ತಿರುಚಿಕೊಂಡು ಬಿದ್ದಿದ್ದವು. ಆಮೇಲೆ ನಿನ್ನ ಜೊತೆ ಜೋರಾಗಿ ಮಾತಾಡಿದ್ದಕ್ಕೆ ಬೇಜಾರಿದೆ. ಅಷ್ಟು ಸಾಕಲ್ವಾ.

ಆದರೆ ನೀನು ಹೇಳಿದ ಒಂದು ಮಾತು ಹೋಗುತ್ತಲೇ ಇಲ್ಲ. "ಹುಳದ ಮನೆ ಕಿಟಕಿಗೆಲ್ಲ ಬಲೆ ಇದೆ, ನನ್ನ ಕಿಟಕಿಗೆ ಇಲ್ಲ."

ಬೆಳಿಗ್ಗೆ ಸೊಪ್ಪು ಕೊಯ್ಯುವಾಗಲೂ ಅದೇ, ಮುದ್ದೆ ತಿರುವುವಾಗಲೂ ಅದೇ. ಆ ಬಲೆ ಯಾಕೆ ಹಾಕಿದೆವು ಅಂತ ನಿನಗೆ ಗೊತ್ತು. ಊಜಿ ನೊಣ ಒಂದು ಒಳಗೆ ಬಂದರೆ ಸಾಕು, ಹುಳದ ಮೈ ಮೇಲೆ ಬಿಳಿ ಚುಕ್ಕೆ ಹಾಗೆ ಮೊಟ್ಟೆ ಇಟ್ಟು ಹೋಗುತ್ತೆ. ಅದರ ಮರಿ ಹುಳದ ಒಳಗೇ ಹೊಕ್ಕು ತಿನ್ನುತ್ತೆ. ಹುಳ ಸತ್ತರೆ ಸತ್ತಿತು, ಹೇಗೋ ಗೂಡು ಕಟ್ಟಿದರೂ ಆ ಮರಿ ತೂತು ಮಾಡಿಕೊಂಡು ಹೊರಗೆ ಬರುತ್ತೆ. ತೂತು ಬಿದ್ದ ಗೂಡನ್ನು ಶಿಡ್ಲಘಟ್ಟ ಮಾರ್ಕೆಟ್‌ನಲ್ಲಿ ಯಾರು ಕೇಳುತ್ತಾರೆ? ನಿನ್ನ ಕಾಲೇಜು ಫೀಸು, ಬಸ್ ಪಾಸು, ಆ ದಪ್ಪ ದಪ್ಪ ಪುಸ್ತಕ ಎಲ್ಲ ಬಂದದ್ದು ಆ ಬಲೆಯ ಒಳಗಿಂದಲೇ. ಇದನ್ನೆಲ್ಲ ಮನಸ್ಸಲ್ಲಿ ನಿನಗೆ ಹೇಳಿ ಹೇಳಿ ಗೆದ್ದೆ. ಗೆದ್ದ ಮೇಲೂ ಆ ಮಾತು ಹೋಗಲಿಲ್ಲ. ನಿನ್ನ ರೂಮಿನ ಕಿಟಕಿ ಎಷ್ಟು ದೊಡ್ಡದು? ಮಿಕ್ಕಿದ ಬಲೆಯ ತುಂಡಲ್ಲೇ ಮುಗಿಯುತ್ತಿತ್ತು. ಆ ತುಂಡು ಅಟ್ಟದ ಮೇಲೇ ಇತ್ತು, ಇವತ್ತು ಹತ್ತಿ ನೋಡಿದೆ, ಇಲಿ ಕಚ್ಚಿದೆ. ಕೇಳಿದ್ದರೆ ಹಾಕಿಸುತ್ತಿದ್ದೆವಲ್ಲ ಅಂತ ಅಪ್ಪನ ಹತ್ತಿರ ಅಂದೆ. ಅಪ್ಪ ಸುಮ್ನೆ ಇದ್ದರು. ತಂಗಿ ಮಾತ್ರ, "ಅಕ್ಕ ದಸರಾ ರಜೆಯಲ್ಲೇ ಕೇಳಿದ್ದಳು" ಅಂದಳು. ನೀನು ಕೇಳಿದ್ದೆ, ಹೌದು. ಈ ಬೆಳೆ ಆಗಲಿ ನೋಡೋಣ ಅಂದಿದ್ದೆ ನಾನು. ಆ ಬೆಳೆ ಆಯಿತು, ಅದರ ಮುಂದಿನದೂ ಆಯಿತು.

ನಿನ್ನ ಕಾಲು ಕೂಡ ಕಣ್ಣ ಮುಂದೆ ಬರುತ್ತೆ. ರಾತ್ರಿ ಓದುವಾಗ ಸೊಳ್ಳೆ ಕಚ್ಚುತ್ತೆ ಅಂತ ಎರಡೂ ಕಾಲನ್ನು ದಿಂಬಿನ ಕವರ್ ಒಳಗೆ ತೂರಿಸಿ, ಮೇಲೆ ತಲೆಗೆ ಕಟ್ಟುವ ರಬ್ಬರ್ ಹಾಕಿಕೊಂಡು ಕೂರುತ್ತಿದ್ದೆಯಲ್ಲ, ಅದನ್ನು ನೋಡಿ ನಾನು ತಂಗಿ ಇಬ್ಬರೂ ನಕ್ಕಿದ್ದೆವು. ಆಗ ನೀನೂ ನಕ್ಕಿದ್ದೆ. ಈಗ ಅನ್ನಿಸುತ್ತೆ, ನೀನು ನಮಗೋಸ್ಕರ ನಕ್ಕೆಯೋ ಏನೋ. ಬಲೆಯ ಮಾತು ಹಿಡಿದುಕೊಂಡು ಜಾಸ್ತಿ ಎಳೆದೆ, ಸಾಕು.

ಮನೆ ಹೇಗಿದೆ ಅಂತ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಬೆಳಿಗ್ಗೆ ಹಿತ್ತಲಿಂದ ಗೇಟಿನ ತನಕ ಪುಸ್ತಕ ಹಿಡಿದು ಗಟ್ಟಿಯಾಗಿ ಹೇಳಿಕೊಂಡು ಓಡಾಡುವವರು ಯಾರೂ ಇಲ್ಲ. ಪರೀಕ್ಷೆ ಅಂತ ಮುಚ್ಚಿಟ್ಟಿದ್ದ ಟಿವಿಯನ್ನು ಅಜ್ಜಿ ನಿನ್ನೆ ಸಂಜೆಯೇ ಹಾಕಿಸಿಕೊಂಡರು, ತಪ್ಪಿಹೋದ ಧಾರಾವಾಹಿ ಎಲ್ಲ ನೋಡಬೇಕಂತೆ. ಹುಳ ಈಗ ತಿನ್ನುವುದೇ ತಿನ್ನುವುದು. ಒಂದು ಹುಳ ಹುಟ್ಟಿದಾಗಿನಿಂದ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲು ಈ ಕೊನೆಯ ಏಳೆಂಟು ದಿನದಲ್ಲೇ ಅಲ್ವಾ. ಎಷ್ಟು ಸೊಪ್ಪಿನ ಕಡ್ಡಿ ತಂದು ಹಾಕಿದರೂ ಸ್ವಲ್ಪ ಹೊತ್ತಿಗೆ ಬರೀ ಕಡ್ಡಿ. ಕೈ ಸಾಲದೆ ಇಬ್ಬರು ಕೂಲಿಯವರನ್ನು ಕರೆದಿದ್ದೇವೆ. ನೀನಿಲ್ಲದ್ದಕ್ಕೆ ಅಂತ ಅಲ್ಲ, ಹೇಗಿದ್ದರೂ ಕರೆಯಬೇಕಿತ್ತು. ತಪ್ಪು ತಿಳಿಯಬೇಡ.

ಅಜ್ಜಿ ನಿನ್ನನ್ನು ನೆನೆಯುತ್ತಾರೆ, ಆದರೆ ಒಪ್ಪಿಕೊಳ್ಳುವುದಿಲ್ಲ. ಮಗು ಹೆಣ್ಣೋ ಗಂಡೋ ಅನ್ನುವುದು ತಂದೆ ಕಡೆಯ ಕ್ರೋಮೋಸೋಮಿಂದ ತೀರ್ಮಾನ ಆಗುತ್ತೆ, ತಾಯಿಯದೇನೂ ಇಲ್ಲ ಅಂತ ನೀನು ಪುಸ್ತಕ ತೆಗೆದು ಚಿತ್ರ ತೋರಿಸಿ ಅವರಿಗೆ ಹೇಳಿದೆಯಲ್ಲ, ಆವತ್ತು ನಾನು ಒಲೆ ಮುಂದೆ ಬೆನ್ನು ತಿರುಗಿಸಿ ನಿಂತಿದ್ದೆ. ಎರಡೂ ಹೆಣ್ಣೇ ಹೆತ್ತಳು ಅಂತ ನಾನು ಈ ಮನೆಯಲ್ಲಿ ಎಷ್ಟು ಕೇಳಿದ್ದೇನೆ ಅಂತ ನಿನಗೆ ಪೂರ್ತಿ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಅಜ್ಜಿ ಬಿಡಲಿಲ್ಲ, "ನಮ್ಮ ಹುಳದಲ್ಲಿ?" ಅಂತ ಕೇಳಿದರು. ನೀನು ಸುಳ್ಳು ಹೇಳಬಹುದಿತ್ತು. "ಹುಳದಲ್ಲಿ ಹೆಣ್ಣು ಚಿಟ್ಟೆಯಿಂದಲೇ ಅಜ್ಜಿ" ಅಂದುಬಿಟ್ಟೆ. ಅಜ್ಜಿ, "ನೋಡು ಮತ್ತೆ!" ಅಂತ ತೊಡೆ ತಟ್ಟಿಕೊಂಡು ನಕ್ಕರು. ಆಮೇಲೆ ಇವತ್ತಿನವರೆಗೂ ಅವರು ಆ ಮಾತು ಎತ್ತಿಲ್ಲ. ನಿನ್ನ ಪ್ರಿಪರೇಟರಿ ಅಂಕಪಟ್ಟಿ ಎಷ್ಟೇ ಇರಲಿ ಪುಟ್ಟಿ, ಬಯಾಲಜಿಯಲ್ಲಿ ನೀನು ನನಗೆ ಅವತ್ತೇ ಪಾಸು.

ಬುದ್ಧಿ ಹೇಳಬಾರದು ಅಂತ ಕೂತೆ, ಆದರೂ ಒಂದೆರಡು ಮಾತು. ಫಿಸಿಕ್ಸ್ ಹೋಯಿತು ಅಂತ ಮುಂದಿನ ಪರೀಕ್ಷೆಯನ್ನೂ ಕೆಡಿಸಿಕೊಳ್ಳಬೇಡ. ನಮ್ಮ ಕಾಲದ ಹಾಗಲ್ಲ, 2024ರಿಂದ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಜಾಸ್ತಿ ಪರೀಕ್ಷೆ ಇದೆಯಂತೆ, ಯಾವುದರಲ್ಲಿ ಜಾಸ್ತಿ ಬಂತೋ ಅದನ್ನೇ ಇಟ್ಟುಕೊಳ್ಳಬಹುದಂತೆ. ನಿಮ್ಮ ಲೆಕ್ಚರರ್ ಹೇಳಿದ್ದು ಅಂತ ನೀನೇ ಹೇಳಿದ್ದೆ. ಹಾಗಂತ ಮೊದಲನೆಯದರಲ್ಲಿ ಕೈ ಸಡಿಲ ಬಿಡಬೇಡ. ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ, ಒಂದೊಂದು ವಿಷಯದ ಅರವತ್ತು ಪ್ರಶ್ನೆಯಲ್ಲಿ ಒಂದನ್ನೂ ಖಾಲಿ ಬಿಡಬೇಡ. ನೀಟ್‌ನಲ್ಲಿ ಕಳೆಯುತ್ತಾರೆ, ಅಲ್ಲಿ ಗೊತ್ತಿಲ್ಲದ್ದಕ್ಕೆ ಕೈ ಹಾಕಬೇಡ. ಎರಡನ್ನೂ ಅದಲು ಬದಲು ಮಾಡಿಕೊಳ್ಳಬೇಡ. ರಾತ್ರಿ ಹನ್ನೊಂದಾದ ಮೇಲೆ ಓದಬೇಡ. ಬೆಳಿಗ್ಗೆ ಏನೂ ತಿನ್ನದೆ ಹೋಗಬೇಡ, ಚಿಕ್ಕಮ್ಮ ಉಪ್ಪಿಟ್ಟು ಮಾಡಿದರೆ ಮುಖ ಸಿಂಡರಿಸಬೇಡ. ಬೇಡ ಬೇಡ ಅನ್ನುವುದೇ ಆಯಿತು.

ಚಿಂತಾಮಣಿ ಕಾಲೇಜಿನ ಮಾತು ನಾನು ಎತ್ತುವುದಿಲ್ಲ. ಹುಳದ ವಾಸನೆ ಸಾಕಾಗಿದೆ ಅಂತ ನೀನು ಹೇಳಿದ್ದು ನನಗೆ ಕೇಳಿಸಿದೆ. ಡಾಕ್ಟರೇ ಆಗಬೇಕು ಅಂದರೆ ಆಗು, ನಿನ್ನ ಇಷ್ಟ. ಸುಮ್ನೆ ಗೊತ್ತಿರಲಿ ಅಂತ ಹೇಳುತ್ತೇನೆ, ಚಿಂತಾಮಣಿಯ ರೇಷ್ಮೆ ಕೃಷಿ ಕಾಲೇಜಿಗೂ ಸಿಇಟಿ ಮೇಲೇ ಸೀಟು, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ್ದೇ ಕಾಲೇಜು, ನಾಲ್ಕು ವರ್ಷದ ಡಿಗ್ರಿ, ರೈತರ ಮಕ್ಕಳಿಗೆ ಅಂತ ಕೋಟಾನೂ ಇದೆ. ಆ ಕೋಟಾದವರಿಗೆ ಹೊಲದ ಕೆಲಸ ಗೊತ್ತಾ ಅಂತ ಪ್ರಾಯೋಗಿಕ ಪರೀಕ್ಷೆ ಮಾಡುತ್ತಾರೆ. ಅದಕ್ಕೆ ನೀನು ಓದಲೇಬೇಕಾಗಿಲ್ಲ. ಹುಳ ಹಣ್ಣಾಗಿ ಗೂಡು ಕಟ್ಟಲು ತಯಾರಾದದ್ದನ್ನು ಅಪ್ಪನಿಗಿಂತ ಮೊದಲು ಗುರುತಿಸುವವಳು ನೀನೇ, ಬೆಳಕಿಗೆ ಹಿಡಿದು ನೋಡುವುದೂ ಬೇಡ ನಿನಗೆ. ಎತ್ತುವುದಿಲ್ಲ ಅಂದು ಇಷ್ಟು ಬರೆದೆ. ಹರಿದು ಬಿಸಾಕುವುದಾದರೆ ಈ ಒಂದು ಹಾಳೆ ಬಿಸಾಕು, ಮಿಕ್ಕಿದ್ದು ಇಟ್ಟುಕೋ.

ಇನ್ನು ನಾಲ್ಕೈದು ದಿನಕ್ಕೆ ಹುಳವನ್ನು ಗೂಡು ಕಟ್ಟುವ ಚಂದ್ರಿಕೆ ತಟ್ಟೆಗೆ ಬಿಡಬೇಕು, ಆಮೇಲೆ ಐದಾರು ದಿನಕ್ಕೆ ಗೂಡು ಬಿಡಿಸುವುದು. ಲೆಕ್ಕ ಹಾಕಿದರೆ ಅದು ನಿನ್ನ ಕೆಮಿಸ್ಟ್ರಿ ದಿನದ ಹತ್ತಿರಕ್ಕೇ ಬರುತ್ತೆ. ಅಪ್ಪ ಮಾರ್ಕೆಟ್‌ಗೆ ಹೋಗಲೇಬೇಕು, ಅದಕ್ಕೇ ಅವತ್ತು ಕಾಲೇಜಿನ ಹತ್ತಿರ ನಾನು ಬರುತ್ತೇನೆ. ಬರಬೇಡ ಅನ್ನಬೇಡ. ಪೇಪರ್ ಹೇಗಿತ್ತು ಅಂತ ಕೇಳುವುದಿಲ್ಲ, ನಿನ್ನ ಗೆಳತಿಯರ ಮುಂದೆ ಊಟದ ಡಬ್ಬಿ ತೆಗೆಯುವುದೂ ಇಲ್ಲ. ಬಿಸಿಲು ಜಾಸ್ತಿ ಇದೆ, ಛತ್ರಿ ಹಿಡಿದು ಬರುತ್ತೇನೆ.

ಕಿಟಕಿಗೆ ಬಲೆ ಹಾಕಿಸಿಬಿಟ್ಟೆ ಅಂತ ಬರೆದರೆ ನಿನಗೆ ಖುಷಿಯಾಗುತ್ತಿತ್ತೇನೋ, ಇನ್ನೂ ಹಾಕಿಸಿಲ್ಲ. ಬಡಗಿಗೆ ಹೇಳಿ ಕಳಿಸಿದ್ದೇನೆ, ಬಂದರೆ ಬಂದ.

ಕಾಗದ ಓದಿ ಅಪ್ಪನ ಫೋನಿಗಾದರೂ ಒಂದು ಕರೆ ಮಾಡು. ನಾನು ಪಕ್ಕದಲ್ಲೇ ಇರುತ್ತೇನೆ.

ಅಮ್ಮ

ಮರೆತೆ, ಚಿಕ್ಕಮ್ಮನಿಗೆ ಕಳಿಸಿದ ಸ್ಟೀಲ್ ಡಬ್ಬಿ ಅಜ್ಜಿಯದು. ಖಾಲಿಯಾದ ತಕ್ಷಣ ತೊಳೆದು ಅಪ್ಪನ ಕೈಯಲ್ಲೇ ಕೊಡು, ಇಲ್ಲಿ ಆಗಲೇ ಎರಡು ಸಲ ಕೇಳಿದರು.