ಬೀಸಣಿಗೆ ಹಿಡಿದ ಬೇಸಿಗೆ: ಯುವ ಬರಹಗಾರರೊಬ್ಬರಿಗೆ ಪತ್ರ

ಪ್ರಿಯ ಮಿತ್ರರಿಗೆ,

ವಂದನೆಗಳು. ಬರೋಕ್ ಕಾಲದ ಕಲಾವಿದ ವೆನ್ಸೆಸ್ಲಾಸ್ ಹೊಲ್ಲರ್ 1643–44ರಲ್ಲಿ ಮಾಡಿದ ಋತುಸರಣಿಯ ‘ಬೇಸಿಗೆ’ ಎಂಬ ಅಚ್ಚುಚಿತ್ರದ ಕುರಿತು ನೀವು ಬರೆದ ಲೇಖನವನ್ನು ಎರಡು ಸಲ ಓದಿದೆ. ಚಿತ್ರದ ಮೇಲೆ ನಿಮಗಿರುವ ಪ್ರೀತಿ ಸಾಲುಸಾಲಿನಲ್ಲೂ ಕಾಣುತ್ತದೆ. ಆದರೆ ಮೊದಲ ಪುಟದ ಕೆಂಡದಂಥ ಬಿಸಿಲು, ಬಿರುಕುಬಿಟ್ಟ ನೆಲ, ಬಾಯಾರಿದ ದನಕರು ಆ ಚಿತ್ರದಲ್ಲಿ ಇಲ್ಲ. ಅವು ನಮ್ಮ ಏಪ್ರಿಲ್ ತಿಂಗಳಿನವು. ಬೇಸಿಗೆ ಎಂದೊಡನೆ ನಮ್ಮ ಮನಸ್ಸು ಯುಗಾದಿಯ ಆಚೀಚಿನ ದಿನಗಳಿಗೆ ಓಡುವುದು ಸಹಜವೇ. ಹೊಲ್ಲರ್ ಚಿತ್ರಿಸಿದ್ದಾದರೋ ಇಂಗ್ಲೆಂಡಿನ ಬೇಸಿಗೆಯನ್ನು, ಎಂದರೆ ನಮ್ಮಲ್ಲಿ ಮಳೆ ಹಿಡಿದಿರುವ ಜೂನ್‌ನಿಂದ ಆಗಸ್ಟ್‌ವರೆಗಿನ ತಿಂಗಳುಗಳನ್ನು. ಅಲ್ಲಿ ಅದು ಜನ ನೆರಳು ಹುಡುಕಿ ಒಳಸೇರುವ ಕಾಲವಲ್ಲ, ಹೊರಗೆ ಬರುವ ಕಾಲ.

1607ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದ ಹೊಲ್ಲರ್, ಅರುಂಡೆಲ್‌ನ ಅರ್ಲ್ ಎಂಬ ಬಿರುದಿನ ಸರದಾರ ಥಾಮಸ್ ಹೋವರ್ಡ್‌ನ ಆಶ್ರಯದಲ್ಲಿ 1636ರ ಕೊನೆಗೆ ಲಂಡನ್ನಿಗೆ ಬಂದವನು. ನಾಲ್ಕು ಋತುಗಳನ್ನು ನಾಲ್ವರು ಹೆಂಗಸರಾಗಿ ಆತ ಒಂದಕ್ಕಿಂತ ಹೆಚ್ಚು ಸಲ ಚಿತ್ರಿಸಿದ್ದಾನೆ. 1641ರ ಬೇಸಿಗೆಯ ಹೆಣ್ಣಿಗೆ ಮುಸುಕಿದೆ: ಗಾಳಿ ಸೇವನೆಗೆ ಹೊರಟಾಗ ಮುಖದ ಕಾಂತಿ ಕೆಡದಿರಲೆಂದು ಮುಸುಕು, ಬೆವರಿನಿಂದ ಚೆಲುವು ಮಾಸದಿರಲೆಂದು ಬೀಸಣಿಗೆ ಎಂದು ಕೆಳಗಿನ ಪದ್ಯವೇ ಹೇಳುತ್ತದೆ. ನೀವು ಆರಿಸಿದ 1643–44ರ ಚಿತ್ರದ ಪದ್ಯವೂ ಸೂರ್ಯದೇವ ಫೀಬಸ್‌ನನ್ನು ನೆನೆದು, ಕೂಡಲೇ ಆಕೆಯ ತೆರೆದ ಕೊರಳಿಗೆ, ಗಾಳಿಯನ್ನು ತಂಪು ಮಾಡುವ ಬೀಸಣಿಗೆಗೆ ಇಳಿದುಬಿಡುತ್ತದೆ. ಒಂದೇ ಕೈ, ಒಂದೇ ಋತು, ನಡುವೆ ಎರಡು ಮೂರು ವರ್ಷ. ಒಬ್ಬಳು ಬಿಸಿಲಿಗೆ ಮುಖ ಮರೆಮಾಡಿದರೆ ಇನ್ನೊಬ್ಬಳು ಕತ್ತು ತೆರೆದಿದ್ದಾಳೆ. ನಿಮ್ಮ ಲೇಖನ ಶುರುವಾಗಬೇಕಾದದ್ದು ಇಲ್ಲಿಂದ.

ಕಲಾವಿದ ಗೆಳೆಯರೊಬ್ಬರು ಎಚಿಂಗ್ ಮಾಡುವುದನ್ನು ನಾನೊಮ್ಮೆ ಪಕ್ಕದಲ್ಲೇ ಕುಳಿತು ನೋಡಿದ್ದೇನೆ. ಹೊಲ್ಲರ್‌ನ ವಿಧಾನವೂ ಅದೇ. ತಾಮ್ರದ ತಗಡಿಗೆ ಮೇಣದ ಲೇಪ ಹಚ್ಚಿ, ಹೊಗೆ ಹಿಡಿಸಿ ಕಪ್ಪಾಗಿಸುತ್ತಾರೆ. ಸೂಜಿ ಗೀಚಿದಲ್ಲೆಲ್ಲ ಲೇಪ ಎದ್ದು ತಾಮ್ರ ಹೊಳೆಯುತ್ತದೆ. ಆಮ್ಲದಲ್ಲಿಟ್ಟಾಗ ಆ ಗೆರೆಗಳು ಮಾತ್ರ ಕೊರೆದುಕೊಂಡು ಮುಂದೆ ಮಸಿ ಹಿಡಿಯುತ್ತವೆ. ತಗಡಿನಲ್ಲಿ ಹೊಳೆದದ್ದು ಕಾಗದದಲ್ಲಿ ಕಪ್ಪಾಗುತ್ತದೆ, ಎಡಗಡೆ ಇದ್ದದ್ದು ಬಲಗಡೆಗೆ ಬರುತ್ತದೆ. ಬೂದುಬಣ್ಣವೆಂಬುದು ಅಲ್ಲಿ ಇಲ್ಲ. ಇರುವುದು ಗೆರೆ, ಮತ್ತು ಗೆರೆಯಿಲ್ಲದ ಜಾಗ. ಹಾಗಾಗಿ ಮುಸುಕೆಂದರೆ ಒತ್ತೊತ್ತಾಗಿ ಹಾಯಿಸಿದ ಸಣ್ಣ ಗೆರೆಗಳು, ಬೆಳಕೆಂದರೆ ಸೂಜಿ ತಾಗದೆ ಉಳಿದ ಕಾಗದ. ಇದನ್ನು ತಿಳಿದ ಮೇಲೆ ನಿಮ್ಮ ‘ಪ್ರಖರ’, ‘ಉಜ್ವಲ’, ‘ಝಗಝಗಿಸುವ’ ಎಂಬ ಮಾತುಗಳನ್ನು ಇನ್ನೊಮ್ಮೆ ಓದಿ ನೋಡಿ. ಹೊಲ್ಲರ್ ಕೈ ಬಿಗಿಹಿಡಿದು ಖಾಲಿ ಬಿಟ್ಟ ಜಾಗದಲ್ಲೇ ನೀವು ಮೂರು ವಿಶೇಷಣಗಳನ್ನು ತುಂಬಿದ್ದೀರಿ.

ಇಂಗ್ಲೆಂಡಿನ ಅಂತರ್ಯುದ್ಧಕ್ಕೆ ಕೊಟ್ಟ ಪುಟಗಳನ್ನು ತೆಗೆಯಿರಿ. 1642ರಲ್ಲಿ ಯುದ್ಧ ಶುರುವಾಯಿತು, 1644ರಲ್ಲಿ ಆತ ಆಂಟ್ವರ್ಪ್‌ಗೆ ಹೊರಟುಹೋದ ಎಂಬಷ್ಟು ಸಾಕು. ಉಳಿಸಲೇಬೇಕಾದ ಸಂಗತಿ ನೀವು ಅಡಿಟಿಪ್ಪಣಿಗೆ ತಳ್ಳಿದ ಮರಳುಗಡಿಯಾರದ್ದು: ಹೊಲ್ಲರ್ ಗಂಟೆಯ ಲೆಕ್ಕದಲ್ಲಿ ಕೂಲಿ ಪಡೆಯುತ್ತಿದ್ದನಂತೆ, ಯಾರಾದರೂ ಮಾತಿಗೆ ಬಂದರೆ ಮರಳು ನಿಲ್ಲಲೆಂದು ಗಡಿಯಾರವನ್ನು ಮಲಗಿಸಿಬಿಡುತ್ತಿದ್ದನಂತೆ. ಸುಮಾರು 2,700 ತಗಡುಗಳನ್ನು ಮಾಡಿದ ಮನುಷ್ಯನನ್ನು ಓದುಗರು ಕಾಣುವುದು ಆ ಗಡಿಯಾರವಿದ್ದ ಮೇಜಿನ ಬಳಿ.

ಭೂತಗನ್ನಡಿ ಹಿಡಿದು ಆಕೆಯ ಕತ್ತಿನ ಭಾಗವನ್ನಷ್ಟೇ ಒಂದು ಬೆಳಗ್ಗೆ ನೋಡಿ, ಮೊದಲ ಪುಟವನ್ನು ಹೊಸದಾಗಿ ಬರೆದು ಕಳುಹಿಸಿ. ಕಾಯುತ್ತಿರುತ್ತೇನೆ.

ನಿಮ್ಮ ಹಿತೈಷಿ