ನಾಲ್ಕು ಅಂಗಡಿ ಆಚೆಗೆ ಟವರ್ ಯಾಕೆ?

ಸಂಪಾದಕರೇ, ನಮಸ್ಕಾರ.

ಕೃಷ್ಣ ಮಠದ ಪೂಜೆಯ ಹೊಣೆ ಎರಡು ವರ್ಷಕ್ಕೊಮ್ಮೆ ಕೈಬದಲಾಗುವ ಪರ್ಯಾಯ ಉತ್ಸವ ಬಂತೆಂದರೆ ಉಡುಪಿಯಲ್ಲಿ ಒಂದು ಮಾತು ಇದ್ದದ್ದೇ, ನೆಟ್‌ವರ್ಕ್ ಸಿಗುವುದಿಲ್ಲ, ಇನ್ನೊಂದು ಟವರ್ ಹಾಕಿಸಿ ಅಂತ. 2026ರ ಜನವರಿಯಲ್ಲೂ ಅದೇ. ಮೆರವಣಿಗೆ ಜೋಡುಕಟ್ಟೆಯಿಂದ ಹೊರಡುವ ಹೊತ್ತಿಗೆ ನಮ್ಮ ಅತ್ತೆ ಗುಂಪಿನಲ್ಲಿ ತಪ್ಪಿಹೋದರು. ಫೋನ್ ಅವರ ಕೈಯಲ್ಲೇ ಇತ್ತು, ಚಾರ್ಜೂ ಇತ್ತು. ಕಾಲ್ ಹೋಗುವುದಿಲ್ಲ, ವಾಟ್ಸಾಪ್ ಮೆಸೇಜಿನ ಪಕ್ಕ ಆ ಗಡಿಯಾರದ ಗುರುತು ಹಾಗೇ ಕೂತಿತ್ತು. ಅರ್ಧ ಗಂಟೆ ಹುಡುಕಿದ ಮೇಲೆ ಸಿಕ್ಕಿದ್ದು ಎಲ್ಲಿ ಗೊತ್ತಾ? ನಾನು ನಿಂತಲ್ಲಿಂದ ನಾಲ್ಕು ಅಂಗಡಿ ಆಚೆ, ಚರುಮುರಿ ತಿನ್ನುತ್ತಾ. "ನಿನಗೆ ಎಷ್ಟು ಸಲ ಫೋನ್ ಮಾಡುವುದು ಮಾರಾಯ" ಅಂತ ನನಗೇ ಬೈಗುಳ.

ನಾನು ಮೊಬೈಲ್ ಆ್ಯಪ್ ಬರೆಯುವ ಕೆಲಸದವನು, ಹಾಗಾಗಿ ನಾಚಿಕೆ ಸ್ವಲ್ಪ ಜಾಸ್ತಿಯೇ ಆಯಿತು. ನಾಲ್ಕು ಅಂಗಡಿ ದೂರದ ಎರಡು ಫೋನ್ ಮಾತಾಡಲಿಕ್ಕೆ ಮೊದಲು ಟವರ್, ಅಲ್ಲಿಂದ ಎಲ್ಲೋ ಇರುವ ಸರ್ವರ್, ತಿರುಗಿ ಟವರ್, ಈ ಸುತ್ತು ಬೇಕೇ ಬೇಕು ಅಂತ ಏನಿಲ್ಲ. ಒಂದು ಫೋನ್ "ನಾನಿಲ್ಲಿದ್ದೇನೆ" ಅಂತ ಬ್ಲೂಟೂತ್‌ನಲ್ಲಿ ಕೂಗುತ್ತಾ ಇರುತ್ತದೆ, ಇನ್ನೊಂದು ಕೇಳಿಸಿಕೊಳ್ಳುತ್ತದೆ, ಫೋಟೋದಂಥ ದೊಡ್ಡದೇನಾದರೂ ಇದ್ದರೆ ಎರಡೂ ವೈಫೈ ಡೈರೆಕ್ಟ್‌ಗೆ, ಅಂದರೆ ನಡುವೆ ರೂಟರ್ ಇಲ್ಲದ ನೇರ ವೈಫೈಗೆ, ದಾಟುತ್ತವೆ. ಆ್ಯಪ್ ಬರೆಯುವವರಿಗೆ ಗೂಗಲ್ ಕೊಡುವ ನಿಯರ್‌ಬೈ ಕನೆಕ್ಷನ್ಸ್ ಅನ್ನುವ ಸಲಕರಣೆ ಇರುವುದೇ ಇದಕ್ಕೆ. ಹೊಸ ವಿದ್ಯೆಯೂ ಅಲ್ಲ. 2014ರಲ್ಲೇ ಹಾಂಗ್‌ಕಾಂಗ್ ಪ್ರತಿಭಟನೆಯಲ್ಲಿ ಜನ ಫೈರ್‌ಚಾಟ್ ಅನ್ನುವ ಆ್ಯಪ್ ಹಾಕಿಕೊಂಡು ಫೋನಿನಿಂದ ಫೋನಿಗೆ ಸುದ್ದಿ ದಾಟಿಸಿದ್ದರು.

ಸುಲಭ ಅಂತ ಸುಮ್ನೆ ಹೇಳುವುದಿಲ್ಲ. ಆಮೇಲೆ ನಾಲ್ಕು ಹಳೆ ಫೋನ್ ಇಟ್ಟುಕೊಂಡು ನಾನೇ ಮಾಡಿ ನೋಡಿದೆ. ಬೆಳಗ್ಗೆ ಜನ ಇಲ್ಲದ ಮಲ್ಪೆ ಬೀಚಿನಲ್ಲಿ ಚೆನ್ನಾಗಿ ದೂರ ಹೋದ ಬ್ಲೂಟೂತ್, ಸಂಜೆ ಬಸ್‌ಸ್ಟ್ಯಾಂಡಿನ ನೂಕುನುಗ್ಗಲಿನಲ್ಲಿ ಹತ್ತು ಹೆಜ್ಜೆಗೇ ತಡವರಿಸಿತು. ಅದು ಓಡಾಡುವುದು 2.4 ಗಿಗಾಹರ್ಟ್ಸ್‌ನಲ್ಲಿ, ಆ ಅಲೆಯನ್ನು ನೀರು ಹೀರಿಕೊಳ್ಳುತ್ತದೆ, ನಮ್ಮ ಮೈಯಲ್ಲೂ ಇರುವುದು ಜಾಸ್ತಿ ನೀರೇ ಅಲ್ವಾ. ಹತ್ತು ಹೆಜ್ಜೆಗೊಂದು ಫೋನ್ ಇದ್ದರೆ ಮೆಸೇಜ್ ಒಂದರಿಂದ ಇನ್ನೊಂದಕ್ಕೆ ಹಾರುತ್ತಾ ಹೋಗಬಹುದು, ಎಲ್ಲರಲ್ಲೂ ಅದೇ ಆ್ಯಪ್ ಇರಬೇಕು ಅಷ್ಟೆ. ಆ "ಅಷ್ಟೆ"ಯಲ್ಲೇ ಇರುವುದು ತಲೆನೋವು. ಐಫೋನ್ ಜೇಬಿಗೆ ಹೋದ ಮೇಲೆ ಅದರ ಕೂಗು ಆಂಡ್ರಾಯ್ಡಿಗೆ ಸರಿಯಾಗಿ ಕೇಳುವುದಿಲ್ಲ. ಆಂಡ್ರಾಯ್ಡ್ 12ಕ್ಕಿಂತ ಹಳೆಯದಾದರೆ ಬ್ಲೂಟೂತ್‌ನಲ್ಲಿ ಹುಡುಕಲಿಕ್ಕೂ ಲೊಕೇಶನ್ ಅನುಮತಿ ಕೇಳಬೇಕು. ಅತ್ತೆ ಅದನ್ನು ನೋಡಿದವರೇ, "ಇದೆಂತ, ನಾನು ಎಲ್ಲಿ ಹೋಗುತ್ತೇನೆ ಅಂತ ನಿನಗೆ ಯಾಕೆ?" ಅಂದರು. ತಪ್ಪಿಹೋದವರೇ ಹೀಗೆ ಕೇಳಿದರೆ ನಾನೇನು ಹೇಳಲಿ!

ಟವರ್ ಬೇಡ ಅನ್ನುವುದಿಲ್ಲ, ಹಾಕಲಿ. ಆದರೆ ಲಕ್ಷ ಜನರ ಫೋನಿಗೆ ಆ್ಯಪ್ ಹಾಕಿಸುವ ಉಸಾಬರಿ ಬಿಟ್ಟು ಮೊದಲು ಸ್ವಯಂಸೇವಕರ ಫೋನಿಗೆ ಹಾಕಿ. ರಥಬೀದಿಯ ಉದ್ದಕ್ಕೂ ಅಲ್ಲಲ್ಲಿ ಅವರು ನಿಂತೇ ಇರುತ್ತಾರೆ. ತಪ್ಪಿಹೋದ ಮಗುವಿನ ಒಂದು ಫೋಟೋ ಈ ತುದಿಯಿಂದ ಆ ತುದಿಗೆ ದಾಟಿದರೆ ಸಾಕು, ಬೇರೇನೂ ಬೇಡ. ಮುಂದಿನ ಪರ್ಯಾಯ 2028ರ ಜನವರಿಗೆ. ಮಣಿಪಾಲ, ನಿಟ್ಟೆ, ಸುರತ್ಕಲ್ ಅಂತ ಇಷ್ಟು ಹತ್ತಿರ ಇಷ್ಟು ಎಂಜಿನಿಯರಿಂಗ್ ಕಾಲೇಜುಗಳಿವೆ, ಯಾವುದಾದರೂ ಫೈನಲ್ ಇಯರ್ ತಂಡ ಇದನ್ನೇ ಪ್ರಾಜೆಕ್ಟ್ ಮಾಡಿಕೊಳ್ಳುವುದಾದರೆ ನನ್ನ ನಾಲ್ಕು ಫೋನನ್ನೂ ಕೊಡುತ್ತೇನೆ. ಒಂದರ ಸ್ಕ್ರೀನ್ ಒಡೆದಿದೆ, ಬ್ಲೂಟೂತ್ ಸರಿ ಇದೆ.

ಒಬ್ಬ ಓದುಗ, ಕುಂಜಿಬೆಟ್ಟು, ಉಡುಪಿ